ದೋಸೆಗೆ ನಾಲಿಗೆ ಇದೆ, ಕನ್ನಡಕ್ಕೆ ನಾಲಿಗೆ ಇಲ್ಲವೇ?

ಶನಿವಾರ, ಭಾನುವಾರ ಮೈಸೂರಿಗೆ ಬಂದು ಹೋಗುವ ಬೆಂಗಳೂರಿನ ಕನ್ನಡದ ಹುಡುಗ ಹುಡುಗಿಯರಿಗೆ ಮೈಸೂರಿನ ಪ್ರೆಸ್ಸಿನವನೊಬ್ಬನ ಬಹಿರಂಗ ಪತ್ರ

ಕನ್ನಡದ ತಮ್ಮಂದಿರೇ, ತಂಗಿಯರೇ,

ಶನಿವಾರ ಬೆಳಗಿನ ಜಾವ ಬೆಂಗಳೂರು ಬಿಡುತ್ತೀರಿ. ಎಂಟು ಗಂಟೆಗೆಲ್ಲ ನಮ್ಮೂರಿನ ದೋಸೆ ಹೋಟೆಲುಗಳ ಮುಂದೆ ನಿಮ್ಮದೇ ಸಾಲು. ನಜರ್‌ಬಾದಿನಲ್ಲಿ ಬೆಣ್ಣೆ ಹಾಕಿದ ಮೆತ್ತನೆ ದೋಸೆ ತಿನ್ನುತ್ತೀರಿ. ಅರಮನೆ ನೋಡುತ್ತೀರಿ, ಮೃಗಾಲಯ ನೋಡುತ್ತೀರಿ. ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮದ ರಾಶಿಯ ಮುಂದೆ ನಿಂತು ಫೋಟೋ ಹೊಡೆದುಕೊಳ್ಳುತ್ತೀರಿ. ಸಂಜೆ ಚಾಮುಂಡಿ ಬೆಟ್ಟ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ಝಗ್ಗನೆ ಹತ್ತಿದಾಗ 'ವಾವ್' ಅನ್ನುತ್ತೀರಿ. ಅರ್ಧ ಕೆಜಿ ಮೈಸೂರು ಪಾಕ್ ಕಟ್ಟಿಸಿಕೊಂಡು ರಾತ್ರಿಗೆ ವಾಪಸ್ ಹೊರಡುತ್ತೀರಿ.

ಬನ್ನಿ. ನಮಗೆ ಸಂತೋಷವೇ. ನಿಮ್ಮಿಂದ ನಮ್ಮೂರಿನ ಹೋಟೆಲು ನಡೆಯುತ್ತದೆ, ಆಟೋ ನಡೆಯುತ್ತದೆ, ಟಾಂಗಾ ಕುದುರೆಗೂ ಹುರುಳಿ ಸಿಗುತ್ತದೆ. ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಸಿಟ್ಟಾದರೂ ಚಿಂತೆಯಿಲ್ಲ, ಉತ್ತರ ಕೊಡಿ. ಈ ಎರಡು ದಿನದಲ್ಲಿ ನೀವು ಕನ್ನಡ ಎಷ್ಟು ಆಡಿದಿರಿ? ನಿಮ್ಮ ನಿಮ್ಮೊಳಗೆ ಕಾರಿನಲ್ಲಿ ಆಡಿದ್ದನ್ನು ಕೇಳುತ್ತಿಲ್ಲ. ದುಡ್ಡು ಕೊಟ್ಟ ಕಡೆ ಎಷ್ಟು ಆಡಿದಿರಿ? ಹೋಟೆಲಿನಲ್ಲಿ, ಲಾಡ್ಜಿನಲ್ಲಿ, ಟಿಕೆಟ್ ಕೌಂಟರಿನಲ್ಲಿ, ಹೂವಿನ ಅಂಗಡಿಯಲ್ಲಿ?

ನನಗೆ ಉತ್ತರ ಗೊತ್ತಿದೆ. ಅದಕ್ಕೇ ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

ಭಯ್ಯಾ! ಯಾರಪ್ಪ ಆ ಭಯ್ಯಾ?

ಕಳೆದ ತಿಂಗಳ ಒಂದು ಶನಿವಾರ. ಒಂದು ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದೆ. ಪಕ್ಕದ ಟೇಬಲ್ಲಿಗೆ ನಾಲ್ಕು ಹುಡುಗರು ಬಂದು ಕೂತರು. ಒಳ್ಳೆಯ ಮನೆಯ ಮಕ್ಕಳು. ತಮ್ಮತಮ್ಮಲ್ಲಿ ಚೆಂದದ ಕನ್ನಡ. 'ಲೇ ಮಗಾ, ಹೊಟ್ಟೆ ಹಸೀತಿದೆ ಕಣೋ' ಅಂತ ಒಬ್ಬ. ಅಷ್ಟರಲ್ಲಿ ಸಪ್ಲೈಯರ್ ಬಂದ. ಐವತ್ತರ ಆಸುಪಾಸಿನ ಮನುಷ್ಯ, ನಂಜನಗೂಡಿನ ಕಡೆಯವನು, ನನಗೆ ಹತ್ತು ವರ್ಷದಿಂದ ಪರಿಚಯ. ಅವನನ್ನು ಕಂಡದ್ದೇ ತಡ, ಆ ನಾಲ್ವರ ನಾಲಿಗೆ ತಿರುಗಿಬಿಟ್ಟಿತು! 'ಭಯ್ಯಾ, ಚಾರ್ ಮಸಾಲಾ ದೋಸಾ. ಕ್ರಿಸ್ಪಿ ಹೋನಾ ಚಾಹಿಯೇ.'

ಆ ನಂಜನಗೂಡಿನವನು ಏನು ಮಾಡಬೇಕು? ಗಿರಾಕಿ ದೇವರು. ತನಗೆ ಬಂದ ಅರೆಬರೆ ಹಿಂದಿಯಲ್ಲಿ 'ದಸ್ ಮಿನಿಟ್ ಹೋಗಾ ಸಾರ್' ಅಂದ. ಹುಡುಗರಲ್ಲಿ ಒಬ್ಬ ಪಕ್ಕದವನಿಗೆ ಕನ್ನಡದಲ್ಲಿ ಪಿಸುಗುಟ್ಟಿದ: 'ಎಲ್ಲಾ ಕಡೆ ನಾರ್ತ್‌ನವರೇ ತುಂಬ್ಕೊಂಡ್ಬಿಟ್ರು ಕಣೋ!'

ಕೇಳಿದಿರಾ ತಮಾಷೆ? ಕನ್ನಡದವನು ಕನ್ನಡದವನ ಜೊತೆ ಹಿಂದಿಯಲ್ಲಿ ಮಾತಾಡಿ, ಆಮೇಲೆ ಕನ್ನಡ ಸತ್ತಿತು ಎಂದು ಕನ್ನಡದಲ್ಲಿ ಅತ್ತನಂತೆ! ನಾನು ತಡೆಯಲಾರದೆ ಎದ್ದು ಹೋಗಿ 'ತಮ್ಮಾ, ಅವನೂ ಕನ್ನಡದವನೇ, ನೀವೂ ಕನ್ನಡದವರೇ, ಇಲ್ಲಿ ಹಿಂದಿ ಯಾರ ಸಲುವಾಗಿ?' ಅಂತ ಕೇಳಿದೆ. ಹುಡುಗ ಪಾಪ ಕೆಂಪಾದ. 'ಅಭ್ಯಾಸ ಆಗೋಗಿದೆ ಸಾರ್' ಅಂದ.

ಅಭ್ಯಾಸ! ಹೊರಗಿನವನು ಬಂದು ಹೊಡೆದು ಕೊಂದರೆ ಪೊಲೀಸ್ ಕೇಸಾದರೂ ಹಾಕಬಹುದು. ಅಭ್ಯಾಸದಿಂದ ಕೊಲ್ಲುವವನ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡುವುದು?

ಪ್ರೆಸ್ಸಿನಲ್ಲಿ ಕೂತವನಿಗೆ ಕಾಣುವ ಸತ್ಯ

ನಾನು ಪಿಯುಸಿವರೆಗೆ ಓದಿದವನು. ಭಾಷಾಶಾಸ್ತ್ರ ಗೊತ್ತಿಲ್ಲ. ಸಣ್ಣದೊಂದು ಆಫ್‌ಸೆಟ್ ಪ್ರೆಸ್ ಇಟ್ಟುಕೊಂಡು ಮದುವೆ ಕಾರ್ಡು, ಬಿಲ್ ಪುಸ್ತಕ, ಕರಪತ್ರ, ಹೋಟೆಲಿನ ಮೆನು ಕಾರ್ಡು ಹಾಕಿ ಬದುಕುವವನು. ಆದರೆ ಒಂದು ಊರಿನ ಭಾಷೆಗೆ ಜ್ವರ ಬಂದಿದೆಯೋ ಇಲ್ಲವೋ ಎಂಬುದು ಪಂಡಿತರಿಗಿಂತ ಮೊದಲು ಪ್ರೆಸ್ಸಿನವನಿಗೆ ಗೊತ್ತಾಗುತ್ತದೆ. ಯಾಕೆಂದರೆ ಜನ ಯಾವ ಭಾಷೆಗೆ ದುಡ್ಡು ಕೊಡುತ್ತಾರೆ ಎಂಬ ಲೆಕ್ಕ ನಮ್ಮ ಬಿಲ್ ಪುಸ್ತಕದಲ್ಲೇ ಇರುತ್ತದೆ.

ನಾನು ಕೆಲಸ ಕಲಿಯುವಾಗ ಹೋಟೆಲಿನ ತಿಂಡಿ ಪಟ್ಟಿ ಕನ್ನಡದಲ್ಲೇ ಇರುತ್ತಿತ್ತು. ಇಡ್ಲಿ, ಉಪ್ಪಿಟ್ಟು, ಖಾಲಿ ದೋಸೆ, ಚಿತ್ರಾನ್ನ, ಮೊಸರನ್ನ, ಒಬ್ಬಟ್ಟು. ಕೆಳಗೆ 'ಸಾಲ ಕೇಳಬೇಡಿ'. ಆಮೇಲೆ ಪಕ್ಕದಲ್ಲಿ ಇಂಗ್ಲಿಷ್ ಬಂತು. ಬರಲಿ, ಅತಿಥಿಗಳು ಬರುವ ಊರು. ಆಮೇಲೆ ಇಂಗ್ಲಿಷ್ ಮೇಲೆ ಹೋಯಿತು, ಕನ್ನಡ ಕೆಳಗಿಳಿಯಿತು. ಆಮೇಲೆ ಕನ್ನಡದ ಅಕ್ಷರ ಸಣ್ಣದಾಯಿತು. ಈಗ ಹೊಸ ಹೋಟೆಲುಗಳ ಕಾರ್ಡಿನಲ್ಲಿ ಕನ್ನಡ ಮಾಯ!

ಅಕ್ಷರದ ಜೊತೆ ಹೆಸರೂ ಹೋಯಿತು ನೋಡಿ. ಉಪ್ಪಿಟ್ಟು ಹೋಗಿ 'ಉಪ್ಮಾ' ಆಯಿತು. ಚಿತ್ರಾನ್ನ 'ಲೆಮನ್ ರೈಸ್' ಆಯಿತು. ಮೊಸರನ್ನ 'ಕರ್ಡ್ ರೈಸ್'. ಒಬ್ಬಟ್ಟು 'ಪೂರನ್ ಪೋಳಿ'. ನಮ್ಮ ಮುದ್ದೆಯನ್ನು 'ರಾಗಿ ಬಾಲ್' ಎಂದು ಬರೆದು ತಂದಿದ್ದ ಒಬ್ಬ ಮಹಾಶಯ! ಮುದ್ದೆ ಏನು ಕ್ರಿಕೆಟ್ ಆಡುವ ಚೆಂಡೇ ಸ್ವಾಮಿ? ನುಂಗುವುದೋ, ಬೌಲಿಂಗ್ ಮಾಡುವುದೋ?

ಇಂಥ ಒಬ್ಬ ಮಾಲೀಕರನ್ನು ಕೇಳಿದೆ. ಅವರೂ ಕನ್ನಡದವರೇ, ಮನೆ ಬಾಗಿಲಿಗೆ ನವೆಂಬರಿನಲ್ಲಿ ಹಳದಿ ಕೆಂಪು ಬಾವುಟ ಕಟ್ಟುವವರೇ. 'ಒಂದು ಕಡೆ ಕನ್ನಡ ಹಾಕೋಣ ಸಾರ್, ಜಾಗ ಇದೆ.' ಅವರು ನಕ್ಕರು. 'ಯಾರಿಗಯ್ಯ ಹಾಕೋದು? ದೆಹಲಿಯವನಿಗೆ ಕನ್ನಡ ಬರಲ್ಲ. ನಮ್ಮೂರಿನವನು ಕಾರ್ಡ್ ನೋಡಲ್ಲ, ಬಾಯಲ್ಲೇ ಹೇಳ್ತಾನೆ. ಶನಿವಾರ, ಭಾನುವಾರ ಬರೋದು ಬೆಂಗಳೂರಿನ ಹುಡುಗರು. ಅವರು ಕನ್ನಡ ಓದೋದನ್ನ ನೀನು ನೋಡಿದ್ದೀಯಾ?'

ನನ್ನ ಬಾಯಿ ಕಟ್ಟಿತು. ತಮ್ಮಂದಿರೇ, ತಂಗಿಯರೇ, ಕನ್ನಡವನ್ನು ಕಾರ್ಡಿನಿಂದ ತೆಗೆಸಿದ್ದು ದೆಹಲಿ ಅಲ್ಲ. ತೆಗೆಸಿದ್ದು ನೀವು! ನಿಮ್ಮ ಹೆಸರು ಹೇಳಿ ನಿಮ್ಮ ಭಾಷೆಯನ್ನು ತೆಗೆದರು. ನಿಮ್ಮ ಸಹಿ ಇಲ್ಲದೆಯೇ ನಿಮ್ಮ ಒಪ್ಪಿಗೆ ಪಡೆದರು.

ಅಮ್ಮನ ಕೈಗೆ ಬಂದ ಕಾರ್ಡು

ನಿಮ್ಮನ್ನು ಮಾತ್ರ ಬೈದು ನಾನು ಸಾಚಾ ಆಗುವುದಿಲ್ಲ. ಆ ಕಾರ್ಡನ್ನು ಅಚ್ಚು ಹಾಕಿದ್ದು ಯಾರು? ನಾನೇ. ಇನ್ನೂರು ಕಾರ್ಡು, ಲ್ಯಾಮಿನೇಷನ್ ಸಮೇತ. ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡೆ.

ಎರಡು ತಿಂಗಳಾದ ಮೇಲೆ ನನ್ನ ಮಗಳ ಹುಟ್ಟುಹಬ್ಬ. ಎಲ್ಲರೂ ಅದೇ ಹೋಟೆಲಿಗೆ ಹೋದೆವು. ನನ್ನ ಅಮ್ಮನಿಗೆ ಎಪ್ಪತ್ತು ದಾಟಿದೆ. ದಿನಾ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವಳು. ತ್ರಿವೇಣಿಯವರ 'ಬೆಳ್ಳಿಮೋಡ', 'ಶರಪಂಜರ'ಗಳನ್ನು ಎಷ್ಟು ಸಲ ಓದಿದ್ದಾಳೋ ಲೆಕ್ಕವಿಲ್ಲ. ಹೋಟೆಲಿನವನು ಅವಳ ಕೈಗೂ ಒಂದು ಕಾರ್ಡು ಕೊಟ್ಟ. ಅವಳು ಕನ್ನಡಕ ಸರಿಮಾಡಿಕೊಂಡಳು. ಮುಂದೆ ನೋಡಿದಳು, ಹಿಂದೆ ತಿರುಗಿಸಿ ನೋಡಿದಳು. ಮತ್ತೆ ಮುಂದೆ ನೋಡಿದಳು. ಆಮೇಲೆ ಮೆಲ್ಲಗೆ ನನ್ನ ಕಡೆ ತಳ್ಳಿ, 'ನೀನೇ ಏನಾದ್ರೂ ಹೇಳಪ್ಪ, ನನಗೆ ಓದಕ್ಕೆ ಬರಲ್ಲ' ಅಂದಳು.

ಓದಕ್ಕೆ ಬರಲ್ಲ! ದಿನಕ್ಕೆ ಒಂದು ಪತ್ರಿಕೆ ಮುಗಿಸುವ ಹೆಂಗಸು, ತಾನು ಹುಟ್ಟಿ ಬೆಳೆದ ಊರಿನಲ್ಲಿ, ಮಗನ ಪ್ರೆಸ್ಸಿನಲ್ಲಿ ಅಚ್ಚಾದ ಕಾಗದದ ಮುಂದೆ ಅನಕ್ಷರಸ್ಥೆಯಾಗಿ ಕೂತಳು. ಅದು ನನ್ನ ಪ್ರೆಸ್ಸಿನ ಕಾರ್ಡು ಅಂತ ಅವಳಿಗೆ ನಾನು ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ, ಅವತ್ತು ನಾನು ಅದನ್ನೇ ಉಂಡೆ.

'ಒಂದು ಮೆನು ಕಾರ್ಡಿಗೆ ಇಷ್ಟು ಗಲಾಟೆಯೇ' ಎನ್ನುವ ಬುದ್ಧಿವಂತರು ನಿಮ್ಮ ಅಮ್ಮನನ್ನೋ ಅಜ್ಜಿಯನ್ನೋ ಒಮ್ಮೆ ಅಂಥ ಹೋಟೆಲಿಗೆ ಕರೆದುಕೊಂಡು ಹೋಗಿ, ಕಾರ್ಡು ಕೈಗೆ ಕೊಟ್ಟು, ಅವರ ಮುಖ ನೋಡಿ. ಆಮೇಲೆ ನನ್ನ ಹತ್ತಿರ ವಾದಕ್ಕೆ ಬನ್ನಿ.

ನೀವು ನೋಡಿದ್ದು ಯಾವ ಮೈಸೂರು?

ತಿಂದದ್ದಾಯಿತು. ನೋಡಿದ್ದೇನು? ಅರಮನೆ. ಸರಿ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆ ಹಾಕಿ, 1912ಕ್ಕೆ ಈ ಅರಮನೆ ಮುಗಿಯಿತು. ನೀವು ಸೆಲ್ಫಿ ತೆಗೆದುಕೊಂಡದ್ದು ಅದರ ಮುಂದೆ. ಆದರೆ ಆ ಅರಮನೆಯಲ್ಲಿ ಕೂತು ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲೇ 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು ಎಂದು ನಿಮಗೆ ಯಾರಾದರೂ ಹೇಳಿದರೇ? ನೀವು ಕೇಳಿದರಲ್ಲವೇ ಹೇಳುವುದು!

ಅರಮನೆಯಿಂದ ಸ್ವಲ್ಪ ದೂರದ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು ಗುರುತಿಸಿದವರು ಆರ್. ಶಾಮಾಶಾಸ್ತ್ರಿ. 1909ರಲ್ಲಿ ಅದನ್ನು ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟದ್ದು ಈ ಊರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು ಸ್ವಂತ ಆಸಕ್ತಿಯಿಂದ ರೇಡಿಯೋ ಕೇಂದ್ರ ಶುರು ಮಾಡಿದ್ದು ಈ ಊರಿನಲ್ಲಿ. ಅದರ ಹೆಸರು 'ಆಕಾಶವಾಣಿ'. ಆಮೇಲೆ ಇಡೀ ಭಾರತದ ರೇಡಿಯೋ ಅದೇ ಹೆಸರಿನಲ್ಲಿ ಮಾತಾಡಿತು. ಭಾರತಕ್ಕೆ ಬಾನುಲಿಯ ಹೆಸರು ಕೊಟ್ಟ ಊರಿಗೆ ಬಂದು ನೀವು 'ಭಯ್ಯಾ' ಅನ್ನುತ್ತೀರಿ!

ಒಂಟಿಕೊಪ್ಪಲಿನಲ್ಲಿ ಕುವೆಂಪು ಬದುಕಿ ಬರೆದ ಮನೆ 'ಉದಯರವಿ' ಇದೆ. ಇದೇ ವಿಶ್ವವಿದ್ಯಾನಿಲಯಕ್ಕೆ 1956ರಿಂದ 1960ರವರೆಗೆ ಉಪಕುಲಪತಿಯಾಗಿದ್ದ ಅವರು ಮಾನಸಗಂಗೋತ್ರಿ ಎಂದು ಹೆಸರಿಟ್ಟು ಹೊಸ ಆವರಣ ಕಟ್ಟಿದರು. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದಲ್ಲಿ ಇವತ್ತಿಗೂ ಕನ್ನಡ ನಾಟಕ ಆಡುತ್ತಾರೆ. ಒಂದು ಸಿನಿಮಾ ಟಿಕೆಟ್ಟಿನ ದುಡ್ಡೂ ಬೇಡ. ನಿಮ್ಮ 'ಮೈಸೂರು ಎರಡು ದಿನ' ಪಟ್ಟಿಯಲ್ಲಿ ಇದೆಯೇ? ಇಲ್ಲ. ಇರುವುದು ಯಾವ ಹೋಟೆಲಿನ ಗೋಡೆಗೆ ಯಾವ ಬಣ್ಣ, ಎಲ್ಲಿ ನಿಂತರೆ ರೀಲ್ಸ್ ಚೆನ್ನಾಗಿ ಬರುತ್ತದೆ ಎಂಬುದು.

2025ರ ದಸರಾ ಉದ್ಘಾಟಿಸಿದವರು ಬಾನು ಮುಷ್ತಾಕ್. ಹಾಸನದಲ್ಲಿ ಕೂತು ಕನ್ನಡದಲ್ಲಿ ಕತೆ ಬರೆದವರು. ಆ ಕತೆಗಳ ಅನುವಾದಕ್ಕೆ ಅದೇ ವರ್ಷ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡದ ಕತೆಗೆ ಲಂಡನ್ನಿನಲ್ಲಿ ಚಪ್ಪಾಳೆ. ಮೈಸೂರಿನ ದೋಸೆ ಹೋಟೆಲಿನಲ್ಲಿ ಕನ್ನಡ ಆಡಲು ನಮ್ಮ ಹುಡುಗರಿಗೆ ನಾಚಿಕೆ!

ದಾರಿಯಲ್ಲೇ ಬಿಟ್ಟು ಬಂದ ಊರುಗಳು

ನೀವು ಬರುವ ದಾರಿಯ ಮಾತೂ ಇದೆ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾಯಿತು. ಒಂದೂವರೆ ಗಂಟೆಯಲ್ಲಿ ಮೈಸೂರು. ಒಳ್ಳೆಯದೇ, ಆಸ್ಪತ್ರೆಗೆ ಹೋಗುವವರಿಗೂ ಅನುಕೂಲ. ಆದರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ಸರಿಸಿ ಓಡುವ ರಸ್ತೆ ಅದು. ಹಳೆ ರಸ್ತೆಯ ತಟ್ಟೆ ಇಡ್ಲಿಯವರು, ಬೊಂಬೆ ಅಂಗಡಿಯವರು, ಎಳನೀರಿನವರು ನಿಮ್ಮ ಕಾರು ನಿಲ್ಲುವುದನ್ನೇ ನಂಬಿದ್ದವರು. ಚನ್ನಪಟ್ಟಣದ ಬೊಂಬೆ ಕಣ್ಣಿಗೆ ಬೀಳುವುದಿಲ್ಲ. ರೈಲು ನಿಲ್ದಾಣದಲ್ಲಿ ಹುಟ್ಟಿ ನಾಡಿಗೆಲ್ಲ ಹೆಸರಾದ ಮದ್ದೂರು ವಡೆಯ ವಾಸನೆ ಮೂಗಿಗೆ ಬಡಿಯುವುದಿಲ್ಲ. ಹೆದ್ದಾರಿ ಬದಿಯಲ್ಲಿ ಗಾಜಿನ ಅಂಗಡಿಯೊಳಗೆ ಬರ್ಗರ್ ತಿಂದು ಬರುತ್ತೀರಿ.

ಈ ಅಂಗಡಿಗಳಲ್ಲೆಲ್ಲ ವ್ಯಾಪಾರ ನಡೆಯುತ್ತಿದ್ದುದು ಕನ್ನಡದಲ್ಲಿ. 'ಬನ್ನಿ ಅಣ್ಣ, ಬಿಸಿ ಬಿಸಿ ಇದೆ' ಎಂಬ ಕರೆ ಕನ್ನಡದ್ದು. ಆ ಅಂಗಡಿ ಮುಚ್ಚಿದರೆ ಬರೀ ಒಂದು ಒಲೆ ಆರುವುದಿಲ್ಲ, ಕನ್ನಡ ಅನ್ನ ಸಂಪಾದಿಸುತ್ತಿದ್ದ ಒಂದು ಜಾಗವೂ ಆರುತ್ತದೆ.

ಇನ್ನು ರಾಮನಗರದ ಬೆಟ್ಟ. ಅದು ರಾಮದೇವರ ಬೆಟ್ಟ. 1975ರಲ್ಲಿ ಬಂದ ಒಂದು ಹಿಂದಿ ಸಿನಿಮಾದ ಶೂಟಿಂಗ್ ಆ ಬಂಡೆಗಳಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕನ್ನಡದ ಹುಡುಗರೂ ಅದನ್ನು 'ಶೋಲೆ ಬೆಟ್ಟ' ಅನ್ನುತ್ತಾರೆ. ಬಾಡಿಗೆಗೆ ಬಂದು ಹೋದವನ ಹೆಸರನ್ನು ಮನೆಗೆ ಇಟ್ಟುಕೊಳ್ಳುವ ಮಾಲೀಕನನ್ನು ಎಲ್ಲಾದರೂ ಕಂಡಿದ್ದೀರಾ? ಇಲ್ಲಿ ಇದ್ದೇವೆ ನಾವು!

ಕಾನೂನು ಬಾಗಿಲ ತನಕ, ಒಳಗೆ ನಿಮ್ಮ ನಾಲಿಗೆ

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಕ್ಕಾಗಿ ಕನ್ನಡದ ಹುಡುಗರು ಬೀದಿಗಿಳಿದರು, ಬಂಧನವಾಯಿತು. 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು: ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಗೆಲುವೇ. ಆದರೆ ಆ 60 ನಿಂತಿರುವುದು ಬಾಗಿಲ ಹೊರಗೆ. ಒಳಗೆ ಕಾಲಿಟ್ಟರೆ ಕಾರ್ಡಿನಲ್ಲಿ ಕನ್ನಡ ಎಷ್ಟು, ಬಿಲ್ಲಿನಲ್ಲಿ ಎಷ್ಟು, ಗಲ್ಲಾ ಮೇಲೆ ಕೂತವನ ಬಾಯಲ್ಲಿ ಎಷ್ಟು? ಅಲ್ಲಿ ಬಾಯಿ ಬಿಡಬೇಕಾದವರು ನೀವು.

ಬಾಯಿ ಬಿಡದಿದ್ದರೆ ಆಗುವ ನಷ್ಟ ಬರೀ ಅಭಿಮಾನದ್ದಲ್ಲ, ಅನ್ನದ್ದು. ಗಿರಾಕಿ ಕನ್ನಡ ಕೇಳುವುದಿಲ್ಲ ಎಂದಾದ ಮೇಲೆ ಮಾಲೀಕನಿಗೆ ಕನ್ನಡ ಬಲ್ಲ ಕೆಲಸಗಾರ ಯಾಕೆ ಬೇಕು? ಎಚ್.ಡಿ. ಕೋಟೆಯಿಂದ, ನಂಜನಗೂಡಿನಿಂದ ಕನ್ನಡ ಶಾಲೆಯಲ್ಲಿ ಓದಿ ಬರುವ ಹುಡುಗನ ಬಳಿ ಇರುವ ಒಂದೇ ಬಂಡವಾಳ ಈ ನೆಲದ ಭಾಷೆ. ಅದನ್ನು ನೀವು ಸವಕಲು ನಾಣ್ಯ ಮಾಡಿಬಿಟ್ಟರೆ ಅವನು ಯಾವ ಅಂಗಡಿಯಲ್ಲಿ ಅದನ್ನು ಚಲಾಯಿಸಬೇಕು? ಸರೋಜಿನಿ ಮಹಿಷಿ ವರದಿ 1986ರಿಂದ ಕಾಯುತ್ತಿದೆ. ಖಾಸಗಿ ಕೆಲಸದಲ್ಲಿ ಸ್ಥಳೀಯರಿಗೆ ಮೀಸಲು ಎಂದು 2024ರ ಜುಲೈನಲ್ಲಿ ಬಂದ ಮಸೂದೆಯನ್ನು ಸರ್ಕಾರವೇ ಎರಡು ದಿನದಲ್ಲಿ ತಡೆಹಿಡಿಯಿತು. ವಿಧಾನಸೌಧ ನಿದ್ದೆ ಮಾಡಲಿ. ನಿಮ್ಮ ಜೇಬಿನ ದುಡ್ಡಿಗೆ ಯಾವ ಮಸೂದೆಯೂ ಬೇಕಿಲ್ಲ.

'ಹೊರಗಿನವರು ಬರುವ ಊರು, ಇಂಗ್ಲಿಷ್ ಬೇಡವೇ' ಎಂದು ಕೇಳುವವರಿಗೆ ನನ್ನ ಉತ್ತರ: ಬೇಕು. ಹಾಕಿ. ಹಿಂದಿಯೂ ಹಾಕಿ, ಬೇಕಾದರೆ ಜಪಾನಿಯೂ ಹಾಕಿ, ನಾನೇ ಅಚ್ಚು ಹಾಕಿಕೊಡುತ್ತೇನೆ. ಆದರೆ ಮೇಲೆ ಕನ್ನಡ ಇರಲಿ. ಜೈಪುರದಿಂದ ಬಂದವನು ಚಿತ್ರಾನ್ನಕ್ಕೆ ಚಿತ್ರಾನ್ನ ಎಂದೇ ಕಲಿತು ಹೋಗಲಿ. ನೂರಾರು ಮೈಲಿ ಪ್ರಯಾಣ ಮಾಡಿ ಬಂದವನಿಗೆ ಅವನ ಮನೆಯ ಹೆಸರನ್ನೇ ತೋರಿಸಿ ಕಳಿಸುವುದು ಅತಿಥಿ ಸತ್ಕಾರವೇ?

ಇನ್ನೊಂದು ಮಾತು. ಒಡಿಶಾದಿಂದಲೋ ಬಿಹಾರದಿಂದಲೋ ಹೊಟ್ಟೆಪಾಡಿಗೆ ಬಂದು ಟೇಬಲ್ ಒರೆಸುವ ಹುಡುಗನ ಮೇಲೆ ಕೂಗಾಡಬೇಡಿ. ಅವನು ನಮ್ಮ ಶತ್ರುವಲ್ಲ. ಅವನಿಗೆ 'ನೀರು ಕೊಡಪ್ಪ' ಎಂದು ಕನ್ನಡದಲ್ಲಿ ಹೇಳಿ, ನೀರು ತರುತ್ತಾನೆ. ಹತ್ತು ಜನ ಹೇಳಿದರೆ ಹತ್ತು ಪದ ಕಲಿಯುತ್ತಾನೆ. ಅವನು ಕಲಿಯದೆ ಉಳಿದದ್ದು ಅವನ ತಪ್ಪಲ್ಲ, ಅವನ ಭಾಷೆಯನ್ನು ನಾವೇ ಓಡಿಹೋಗಿ ಕಲಿತದ್ದು ನಮ್ಮ ತಪ್ಪು.

ಮುಂದಿನ ಶನಿವಾರ ಹೀಗೆ ಬನ್ನಿ

ಒಂದು: ಗಲ್ಲಾದಿಂದ ಗೈಡ್‌ವರೆಗೆ ಮೊದಲ ಮಾತು ಕನ್ನಡದಲ್ಲೇ ಆಗಲಿ. ಎದುರಿನವನಿಗೆ ಬರದಿದ್ದರೆ ಆಮೇಲೆ ಬೇರೆ ನೋಡೋಣ. ಬರುವುದಿಲ್ಲ ಎಂದು ನೀವೇ ಮೊದಲೇ ತೀರ್ಮಾನಿಸಬೇಡಿ.

ಎರಡು: ಹೋಟೆಲಿನಲ್ಲಿ ಕೂತ ಕೂಡಲೇ 'ಕನ್ನಡ ಕಾರ್ಡ್ ಕೊಡಿ' ಎಂದು ಕೇಳಿ. ಚೌಕದ ಕೋಡ್ ತೋರಿಸಿ ಮೊಬೈಲಿನಲ್ಲಿ ನೋಡಿ ಅಂದರೆ, ಅದರಲ್ಲೂ ಕನ್ನಡ ಕೇಳಿ. ಇಲ್ಲ ಅಂದರೆ ಜಗಳ ಬೇಡ. ಊಟ ಮುಗಿದ ಮೇಲೆ ಮಾಲೀಕರಿಗೆ ನಗುನಗುತ್ತ ಹೇಳಿ: 'ರುಚಿ ಚೆನ್ನಾಗಿತ್ತು, ಕನ್ನಡ ಇರಲಿಲ್ಲ.' ಒಂದು ಶನಿವಾರ ಇಪ್ಪತ್ತು ಜನ ಹೇಳಿದರೆ ಸೋಮವಾರ ಬೆಳಿಗ್ಗೆ ಆ ಮಾಲೀಕ ಪ್ರೆಸ್ಸಿನ ಮುಂದೆ ನಿಂತಿರುತ್ತಾನೆ. ವ್ಯಾಪಾರಿಯ ಕಿವಿ ನನಗೆ ಗೊತ್ತು.

ಮೂರು: ಫೋನಿನಲ್ಲಿ ಹೋಟೆಲಿಗೆ ನಕ್ಷತ್ರ ಕೊಡುತ್ತೀರಲ್ಲ, ಅಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ. ಉಪ್ಪಿಟ್ಟನ್ನು ಉಪ್ಪಿಟ್ಟು ಎಂದೇ ಬರೆಯಿರಿ.

ನಾಲ್ಕು: ಹೋಗುವಾಗಲೋ ಬರುವಾಗಲೋ ಒಮ್ಮೆಯಾದರೂ ಹೆದ್ದಾರಿ ಬಿಟ್ಟು ಹಳೆ ರಸ್ತೆಗೆ ಇಳಿಯಿರಿ. ಮದ್ದೂರಿನಲ್ಲಿ ವಡೆ ತಿನ್ನಿ, ಚನ್ನಪಟ್ಟಣದಲ್ಲಿ ಒಂದು ಬೊಂಬೆ ಕೊಳ್ಳಿ.

ಐದು: ಎರಡು ದಿನದಲ್ಲಿ ಎರಡು ಗಂಟೆ ಕನ್ನಡಕ್ಕೆ ಕೊಡಿ. ರಂಗಾಯಣದಲ್ಲಿ ನಾಟಕ ಇದ್ದರೆ ನೋಡಿ. ಇಲ್ಲದಿದ್ದರೆ ಒಂದು ಕನ್ನಡ ಪುಸ್ತಕದ ಅಂಗಡಿಗೆ ಹೋಗಿ. ಮೈಸೂರು ಪಾಕ್ ಡಬ್ಬದ ಜೊತೆ ಒಂದು ಪುಸ್ತಕವೂ ಬ್ಯಾಗಿನಲ್ಲಿ ಇರಲಿ.

ನಿಮಗೆ ಐದು ಹೇಳಿ ನಾನು ಸುಮ್ಮನಿರುವುದಿಲ್ಲ. ಅಮ್ಮ ಕಾರ್ಡು ವಾಪಸ್ ತಳ್ಳಿದ ದಿನದಿಂದ ನನ್ನ ಪ್ರೆಸ್ಸಿನಲ್ಲಿ ಒಂದು ನಿಯಮ ಮಾಡಿದ್ದೇನೆ. ಯಾವ ಹೋಟೆಲಿನ ಕಾರ್ಡಾದರೂ ಸರಿ, ಕನ್ನಡದ ಟೈಪಿಂಗಿಗೆ, ಪ್ರೂಫ್ ತಿದ್ದುವುದಕ್ಕೆ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಕನ್ನಡವೇ ಬೇಡ ಎಂದರೆ ಆ ಕೆಲಸವನ್ನೇ ಮಾಡುವುದಿಲ್ಲ. ಇದರಿಂದ ಮೂರು ಗಿರಾಕಿಗಳು ಪಕ್ಕದ ಬೀದಿಗೆ ಹೋದರು. ಇಬ್ಬರು ಒಪ್ಪಿ ಕನ್ನಡ ಹಾಕಿಸಿದರು. ನಷ್ಟವೇ. ಆದರೆ ಆ ಎರಡು ಹೋಟೆಲಿಗೆ ಅಮ್ಮನನ್ನು ಕರೆದುಕೊಂಡು ಹೋಗಬಲ್ಲೆ.

ಹೋದವರು ಯಾಕೆ ಹೋದರು ಗೊತ್ತೇ? 'ಬೆಂಗಳೂರಿನ ಹುಡುಗರು ಕೇಳಲ್ಲ ಕಣಯ್ಯ' ಎಂಬ ಅದೇ ಮಾತು ಹೇಳಿ ಹೋದರು. ಆ ಮಾತು ಸುಳ್ಳು ಎಂದು ತೋರಿಸುವವರು ನಾನಲ್ಲ, ನೀವು. ಬರುವ ಶನಿವಾರ ಬನ್ನಿ. ಹಸಿದು ಬನ್ನಿ. ಹೊಟ್ಟೆ ತುಂಬ ತಿನ್ನಿ. ಆದರೆ ದೋಸೆ ಸವಿಯುವ ಅದೇ ನಾಲಿಗೆಯಿಂದ ಕನ್ನಡದಲ್ಲಿ ಕೇಳಿ ತಿನ್ನಿ!

ಸಿರಿಗನ್ನಡಂ ಗೆಲ್ಗೆ!